ತೋರ್ಸೋ ಬಂದೂಕು, ಮುಚ್ಚಿಡೋ ಪಿಸ್ತೂಲು



ಹೋದ ಸಲ ಎಣ್ಣಿಗಾಯಿ ಬದ್ನಿಕಾಯಿಗಿ ಶೇಂಗಾ ಎಷ್ಟ, ಗುರೆಳ್ಳ ಎಷ್ಟ ಅಂತ ಬರ್ದಿದ್ದೆ. ಈ ಸಲ ಬಂದೂಕಿನ ಮಾತು ತಗೊಂಡೀನಿ. ರೊಟ್ಟಿ ಬಡಿಯೋ ಕೈಗಿ ಈ ಉಸಾಬರಿ ಯಾಕ ಅಂತ ನಗಬ್ಯಾಡ್ರಿ. ಈ ಬ್ಯಾಸಗಿ ಲಗ್ನದಾಗ ನಮ್ಮ ಓಣಿ ಹೆಣ್ಮಗಳೊಬ್ಬಾಕಿ ನನಗ ಕೇಳಿದ್ಲು: "ಅಕ್ಕಾ, ಲೈಸೆನ್ಸ್ ಇದ್ದವ್ರು ಎಲ್ಲಾರಿಗೂ ಕಾಣೋಹಂಗ ಸೊಂಟಕ್ಕ ಪಿಸ್ತೂಲ್ ಸಿಗಿಸ್ಕೊಂಡು ಮೆರವಣಿಗ್ಯಾಗ ಬರಬಹುದೇನು? ಇಲ್ಲಾ ಅಂಗಿ ಒಳಗ ಮುಚ್ಕೊಂಡು ಬರಬೇಕೇನು? ಯಾವುದು ಛಲೋ?"

ಕಾಯ್ದೆದ ಉತ್ತರ ಎರಡ ಸಾಲಿಂದು. ಆದ್ರ ಆ ಕಾಯ್ದೆ ಯಾಕ ಹಂಗ ಅದ ಅನ್ನೋದು ತಿಳೀಬೇಕಂದ್ರ ನಮ್ಮ ನೆಲದ್ದ ಒಂದು ಉದ್ದನ ಕತಿ ಕೇಳಬೇಕಾಗ್ತದ. ಕತಿ ಮೊದಲ ಹೇಳ್ತೀನಿ, ಉತ್ತರ ಆಮ್ಯಾಲ.

ನಮ್ಮ ಕಡಿ ಹಿರೇ ಹತಾರ ಯಾವುದು ಅಂದ್ರ ಕಲಬುರಗಿ ಕ್ವಾಟ್ಯಾಗಿನ ಬಾರಾ ಗಜಿ ತೋಪು. 29 ಅಡಿ ಉದ್ದ ಅಂತಾರ. ಅದನ್ನ ಯಾರೂ ಸೆರಗಿನ್ಯಾಗ ಮುಚ್ಚಾಕ ಆಗಂಗಿಲ್ಲ. ರಾಜರ ಕಾಲದಾಗ ಹತಾರ ಅಂದ್ರ ತೋರ್ಸೋ ಸಾಮಾನ. ಸೊಂಟದಾಗ ಕತ್ತಿ ಇದ್ರ ಇವ ಇಂಥಾ ಮನೆತನದವ, ಇಂಥಾ ಚಾಕರಿದವ ಅಂತ ದೂರದಿಂದ ತಿಳೀತಿತ್ತು. ಈಗ್ಲೂ ಮಹಾನವಮಿಗಿ ಖಂಡೇ ಪೂಜಿ ಮಾಡ್ತೀವಲ್ಲ, ಅದು ಅದೇ ಕಾಲದ್ದು. ಕತ್ತಿ ಹೋದ್ವು, ಕುಡಗೋಲು, ಕೊಡಲಿ, ಹೊಲಿಗಿ ಮಿಷಿನ್, ಮೋಟರ್ ಸೈಕಲ್ ಬಂದ್ವು. ಭಂಡಾರ ಕುಂಕುಮ ಅದೇ ಇವ.

ಹತಾರ ಕಾಣೋಹಂಗ ಇಟ್ಕೊಳ್ಳೋದು ತಪ್ಪು ಅಂತ ಸರ್ಕಾರ ಮೊದ್ಲ ಹೇಳಿದಾಗ ಏನಾಯ್ತು ಅನ್ನೋದಕ್ಕ ಹಲಗಲಿ ಸಾಕ್ಷಿ ಅದ. ಹಲಗಲಿ ಈಗಿನ ಬಾಗಲಕೋಟಿ ಜಿಲ್ಲಾದಾಗ, ಮುಧೋಳದ ಕಡಿ ಇರೋ ಊರು. ನಿಮ್ಮ ಮಕ್ಕಳು 10ನೇ ಕ್ಲಾಸಿನ ಕನ್ನಡ ಪುಸ್ತಕದಾಗ ಹಲಗಲಿ ಬೇಡರ ಲಾವಣಿ ಓದಿರ್ತಾರ. 1857ರಾಗ ಉತ್ತರದ ಕಡಿ ಸಿಪಾಯಿಗೋಳು ತಿರುಗಿ ಬಿದ್ದಮ್ಯಾಲ ಕಂಪನಿ ಸರ್ಕಾರ ಹೆದರ್ತು. ಹತಾರ ಇದ್ದವ್ರೆಲ್ಲಾ ಬಂದು ಬರಸ್ರಿ, ಪರವಾನಗಿ ತಗೋರಿ, ಇಲ್ಲಾ ಒಪ್ಪಿಸ್ರಿ ಅಂತ ಕಾಯ್ದೆ ಮಾಡ್ತು. ಬೇಡರಿಗಿ ಹತಾರ ಅಂದ್ರ ಬ್ಯಾಟಿ, ಕಾವಲು, ಹೊಟ್ಟಿ, ಮರ್ಯಾದಿ ಎಲ್ಲಾ ಅದೇ. ಕೊಡಂಗಿಲ್ಲ ಅಂದ್ರು. ನವೆಂಬರ್ ಕೊನಿಗಿ ಫೌಜು ಬಂತು, ಊರಿಗಿ ಬೆಂಕಿ ಹಚ್ಚಿದ್ರು. ಜಡಗ, ಬಾಲ, ರಾಮ, ಹನುಮ ಅಂತ ಲಾವಣ್ಯಾಗ ಬರೋ ಹೆಸ್ರು ಆ ಹೋರಾಟದವೇ. ಡಿಸೆಂಬರ್ 11ಕ್ಕ ಮುಧೋಳದಾಗ 13 ಮಂದಿ, 14ಕ್ಕ ಹಲಗಲ್ಯಾಗ 6 ಮಂದಿ, ಒಟ್ಟು 19 ಮಂದಿಗಿ ಗಲ್ಲು ಆಯ್ತು. ಮುಂದ ಎರಡ ತಿಂಗಳಿಗಿ, 1858ರ ಫೆಬ್ರವರಿಗಿ, ನಮ್ಮ ಮಗ್ಗಲಿನ ಸುರಪುರದಾಗ ರಾಜಾ ವೆಂಕಟಪ್ಪ ನಾಯಕರು ಇಂಗ್ಲೀಷರ ಮ್ಯಾಲ ಎದ್ದರು.

ಇದನ್ನ ಓದಿದಾಗೆಲ್ಲಾ ನನಗ ಒಂದು ಮಾತು ಅನ್ನಿಸ್ತದ. ಹಲಗಲಿ ಮಂದಿ ಹತಾರ ಮುಚ್ಚಿಟ್ಟವ್ರಲ್ಲ. ಊರಿಗೆಲ್ಲಾ ಗೊತ್ತಿದ್ದ ಹತಾರ ಅವು. ಸರ್ಕಾರಕ್ಕ ಬೇಕಾಗಿದ್ದು ಲೆಕ್ಕ. ಯಾರ ಕೈಯಾಗ ಏನದ ಅನ್ನೋ ವಹಿ. ಆದ್ರ ಆ ವಹಿ ಬರದವ್ರು ಪರಕೀಯರು, ತಮ್ಮ ಹತಾರದ ಲೆಕ್ಕ ಅವರು ಯಾರಿಗೂ ಕೊಡ್ತಿರಲಿಲ್ಲ. 1878ರಾಗ ಮಾಡಿದ ಕಾಯ್ದೆನೂ ಅಂಥಾದ್ದೇ. ಹಿಂದೂಸ್ತಾನದವರಿಗಿ ಲೈಸೆನ್ಸ್ ಬೇಕು, ಬಿಳಿಯರಿಗಿ ಬ್ಯಾಡ. ಒಂದ ಕಣ್ಣಿಗಿ ಬೆಣ್ಣಿ, ಇನ್ನೊಂದಕ್ಕ ಸುಣ್ಣ.

ಇನ್ನ ನಮ್ಮ ಆಳಂದ, ಅಫಜಲಪುರ, ಜೇವರ್ಗಿಗಿ ಬರೋಣು. ನಾವು ಹೈದರಾಬಾದ್ ನಿಜಾಮರ ಸೀಮಿದವ್ರು. ದೇಶಕ್ಕೆಲ್ಲಾ 1947ರ ಆಗಸ್ಟ್ 15ಕ್ಕ ಸ್ವಾತಂತ್ರ್ಯ ಬಂದ್ರ ನಮಗ ಇನ್ನೂ 13 ತಿಂಗಳು ಕಾಯಬೇಕಾಯ್ತು. ಆ 13 ತಿಂಗಳಾಗ ನಮ್ಮ ಅಜ್ಜಿಗೋಳು ಕಂಡಿದ್ದು ತೋರ್ಸೋ ಹತಾರಿನ ಆಟ. ಕಾಸಿಂ ರಜ್ವಿ ಅನ್ನಾಂವನ ರಜಾಕಾರರು ಖಾಕಿ ತೊಟ್ಟು, ಬಂದೂಕು, ಭರ್ಚಿ, ತಲವಾರ ಹಿಡ್ಕೊಂಡು ಹಾಡಾಹಗಲಿ ಊರೂರು ಮೆರವಣಿಗಿ ಮಾಡ್ತಿದ್ರು. ಅದನ್ನ ಮುಚ್ಕೊಂಡು ಓಡಾಡೋ ಗರ್ಜು ಅವರಿಗಿ ಇರಲಿಲ್ಲ, ಯಾಕಂದ್ರ ತೋರ್ಸೋದೇ ಅದರ ಕೆಲಸ. ಹೊಡೀದೇ ಇದ್ರೂ ನೋಡಿದವ್ರ ಎದಿ ಒಡೀಬೇಕು.

ನಮ್ಮಜ್ಜಿ ಹೇಳ್ತಿದ್ಲು: ಬೂಟಿನ ಸಪ್ಪಳ ಕೇಳಿಸ್ತಂದ್ರ ವಲಿಗಿ ನೀರು ಸುರೀತಿದ್ರಂತ, ಹೊಗಿ ಕಂಡು ಮನ್ಯಾಗ ಮಂದಿ ಇದಾರ ಅಂತ ಗೊತ್ತಾಗಬಾರದು ಅಂತ. ಜ್ವಾಳದ ಹಗೇವಿನ್ಯಾಗ ಬಂಗಾರ ಇಟ್ಟು ಮ್ಯಾಲ ಕಲ್ಲು ಮುಚ್ಚಿ, ಹರೇದ ಹುಡಿಗ್ಯಾರಿಗಿ ಗಡಿ ದಾಟಿಸಿ ಸೊಲ್ಲಾಪುರದ ಕಡಿ ಬಳಗದವ್ರ ಮನಿಗಿ ಕಳಿಸ್ತಿದ್ರಂತ. ಆಳಂದದಿಂದ ಆ ಗಡಿ ಎಷ್ಟು ದೂರ ಅದ ಅಂತ ನಿಮಗ ಗೊತ್ತೇ ಅದ. ಬೀದರ ಕಡಿ ಗೋರ್ಟಾದಾಗ 1948ರ ಮೇ ತಿಂಗಳಾಗ ಆದ ಕೊಲಿ ಸುದ್ದಿ ಬಂದಮ್ಯಾಲಂತೂ ರಾತ್ರಿ ನಿದ್ದಿ ಇರಲಿಲ್ಲಂತ.

1948ರ ಸೆಪ್ಟೆಂಬರ್ 13ಕ್ಕ ಹಿಂದೂಸ್ತಾನದ ಫೌಜು ಬಂತು. 17ಕ್ಕ ನಿಜಾಮರು ಸೋಲು ಒಪ್ಪಿದ್ರು. ಅದಕ್ಕ ನಾವು ಸೆಪ್ಟೆಂಬರ್ 17ಕ್ಕ ಝಂಡಾ ಹಾರಿಸ್ತೀವಿ. ಆದ್ರ ಕತಿ ಅಲ್ಲಿಗಿ ಮುಗೀಲಿಲ್ಲ, ಅದನ್ನೂ ಹೇಳಲೇಬೇಕು. ಹತಾರಗೋಳ ಕೈ ಬದಲಾತು, ಅಷ್ಟೇ. ರಜಾಕಾರರ ಮುಖಾನೂ ನೋಡದ ಎಷ್ಟೋ ಮುಸಲ್ಮಾನರ ಮನಿಗೋಳು ಆಗ ಹಾಳಾದ್ವು. ನೆಹರೂ ಸರ್ಕಾರ ಕಳಿಸಿದ ಪಂಡಿತ ಸುಂದರಲಾಲ ಸಮಿತಿ ಊರೂರು ತಿರುಗಿ ವರದಿ ಬರೀತು. 27 ಸಾವಿರದಿಂದ 40 ಸಾವಿರ ಮಂದಿ ಸತ್ತಿರಬೇಕು ಅಂತ ಅದರ ಅಂದಾಜು. ಎಲ್ಲಕ್ಕಿಂತ ಹೆಚ್ಚು ಪೆಟ್ಟು ತಿಂದ ನಾಕು ಜಿಲ್ಲಾ ಅಂತ ಹೇಳಿದ್ರಾಗ ನಮ್ಮ ಗುಲಬರ್ಗಾ ಒಂದು, ಬೀದರ ಒಂದು. ಬಾವಿಗಿ ಹಾರಿದ ಹೆಣ್ಮಕ್ಕಳ ಕತಿ ನಾನು ಎರಡೂ ಮಂದಿ ಮನ್ಯಾಗ ಕೇಳೀನಿ. ಬಾವಿ ನೀರಿಗಿ ಜಾತಿ ಎಲ್ಲಿಂದ ಬರಬೇಕು.

ಇದರ ಹಿಂದಿಂದೇ, ಅದೇ ವರ್ಷದ ಡಿಸೆಂಬರ್‌ನಾಗ, ದಿಲ್ಲ್ಯಾಗ ಸಂವಿಧಾನ ಸಭಾ ಕುಂತಿತ್ತು. ಹತಾರ ಇಟ್ಕೊಳ್ಳೋದು ಮಂದಿ ಹಕ್ಕು ಅಂತ ಬರೀರಿ ಅಂತ ಎಚ್. ವಿ. ಕಾಮತರು ಪಟ್ಟು ಹಿಡಿದ್ರು. ಅವರು ಹುಟ್ಟಿದ್ದು ನಮ್ಮ ಮಂಗಳೂರಾಗ. ಅವರ ಮಾತು ಬುಡ ಇಲ್ಲದ್ದಲ್ಲ. 1931ರ ಕರಾಚಿ ಕಾಂಗ್ರೆಸ್‌ನಾಗ ಅಂಥಾ ಹಕ್ಕು ಬೇಕು ಅಂತ ಠರಾವು ಆಗಿತ್ತು, ಇಂಗ್ಲೀಷರು ಹತಾರ ಕಸಗೊಂಡ ಸಿಟ್ಟು ಅದು. ಆದ್ರ ಅಂಬೇಡ್ಕರ್ ಅವರು ಒಪ್ಪಲಿಲ್ಲ, ಸಭಾನೂ ಒಪ್ಪಲಿಲ್ಲ. ಕೊನಿಗಿ 19ನೇ ಕಲಮಿನ್ಯಾಗ ಏನು ಉಳೀತು ನೋಡ್ರಿ: ಶಾಂತದಿಂದ, ಹತಾರ ಇಲ್ದ, ಕೂಡೋ ಹಕ್ಕು. ಜಾತ್ರಿ, ಸಭಾ, ಮೆರವಣಿಗಿ ಎಲ್ಲಾ ಮಾಡ್ರಿ, ಹತಾರ ಮನ್ಯಾಗ ಬಿಟ್ಟು ಬರ್ರಿ. ರಜಾಕಾರರ ಮೆರವಣಿಗಿ ನೋಡಿದ ನಮ್ಮ ಅಜ್ಜಿಗೋಳಿಗಿ ಯಾರಾದ್ರೂ ಹೋಗಿ ಇದನ್ನ ಓದಿ ಹೇಳಿದ್ರ, ಹೌದಪ್ಪಾ ಛಲೋ ಮಾಡೀರಿ ಅಂತಿದ್ರು.

ಹಂಗಂತ ಯಾರೂ ಇಟ್ಕೊಳ್ಳಲೇಬಾರದು ಅಂತಿಲ್ಲ. 1959ರ ಹತಾರ ಕಾಯ್ದೆ ಪ್ರಕಾರ ಲೈಸೆನ್ಸ್ ತಗೊಂಡು ಇಟ್ಕೋಬಹುದು. ಹೊಲಕ್ಕ ಹಂದಿ ಬೀಳ್ತಾವ ಅಂತ ಬಂದೂಕು ಇಟ್ಟ ರೈತರು ನಮ್ಮ ಕಡೀನೂ ಇದಾರ. ಚುನಾವಣಿ ಬಂತಂದ್ರ ಅದನ್ನ ಅರಿವ್ಯಾಗ ಸುತ್ಕೊಂಡು ಠಾಣಾಕ್ಕ ಒಪ್ಪಿಸಿ ಚೀಟಿ ತಗೊಂಡು ಬರ್ತಾರ, ಫಲಿತಾಂಶ ಆದಮ್ಯಾಲ ಬಿಡಿಸ್ಕೊಂಡು ಬರ್ತಾರ. ಬೀದರ ನಾನಕ ಝೀರಾಕ್ಕ ಹೋದವ್ರು ನೋಡಿರ್ತೀರಿ, ಸಿಖ್ಖರು ಕೃಪಾಣ ಎಲ್ಲಾರಿಗೂ ಕಾಣೋಹಂಗ ತೊಟ್ಟಿರ್ತಾರ. ಅದು ಅವರ ಧರ್ಮದ ಗುರ್ತು ಅಂತ ಸಂವಿಧಾನದಾಗೇ ಬರ್ದಾರ. ಕೊಡಗಿನ ಕೊಡವರಿಗಿ, ಜಮ್ಮಾ ಭೂಮಿ ಇದ್ದವ್ರಿಗಿ ಬಂದೂಕಿಗಿ ಲೈಸೆನ್ಸಿನ ವಿನಾಯಿತಿ ಇಂಗ್ಲೀಷರ ಕಾಲದಿಂದ ಅದ. ಈಗಿನ ಸರ್ಕಾರ ಅದನ್ನ 2029ರ ತನಕ ಮುಂದಕ್ಕ ಹಾಕ್ಯಾದ. ಅಲ್ಲಿ ಕೈಲ್ ಪೊಳ್ದ್ ಹಬ್ಬಕ್ಕ ಬಂದೂಕಿಗಿ ಹೂ ಇಟ್ಟು ಪೂಜಿ ಮಾಡ್ತಾರ, ನಾವು ಖಂಡೇ ಪೂಜಿ ಮಾಡಿದಂಗ. ಅಲ್ಲಿ ಅದು ಮನಿ ಮಂದಿಗಿ, ಊರಿಗಿ ಗೊತ್ತಿರೋ ಬಂದೂಕು. ಯಾರದು ಅಂದ್ರ ಇಂಥಾ ಮನಿದು ಅಂತ ಹೆಸರು ಹೇಳ್ತಾರ.

ಹೆಸರು ಹೇಳಾಕ ಬರದ ಹತಾರ ನಮ್ಮ ಭೀಮಾ ದಂಡಿದು. ಇದು ಹೇಳಾಕ ನಾಲಿಗಿ ತಡೀತದ, ಆದ್ರ ಮುಚ್ಚಿಟ್ರ ಹೋಗಂಗಿಲ್ಲ. ಭೀಮಾ ನದಿ ಮಹಾರಾಷ್ಟ್ರದಿಂದ ಇಳ್ದು ಇಂಡಿ, ಅಫಜಲಪುರ, ಜೇವರ್ಗಿ ಹೊಲ ತೊಳ್ಕೊಂಡು ಹೋಗಿ ಕೃಷ್ಣೆಗಿ ಕೂಡ್ತದ. ಆ ನೀರಿನಾಗ ಕಬ್ಬು ಬಂತು, ತೊಗರಿ ಬಂತು, ಗಾಣಗಾಪುರದ ದತ್ತನ ಸನ್ನಿಧಿಗಿ ದೇಶದ ಮಂದಿ ಬಂತು. ಆದ್ರ ಬೆಂಗಳೂರಾಗ ಭೀಮಾ ತೀರ ಅಂದ್ರ ಹಂತಕರು ಅಂತಾರ. ರವಿ ಬೆಳಗೆರೆ ಆ ಹೆಸರಿನ್ಯಾಗ ಪುಸ್ತಕ ಬರ್ದ್ರು, 2012ರಾಗ ಸಿನಿಮಾನೂ ಬಂತು. ಹೊಲದ ಬದುವಿನ ಜಗಳ, ಮನೆತನದ ಹಗಿ, ರಾಜಕೀಯದ ಹಗಿ. ಇದಕ್ಕೆಲ್ಲಾ ಮೊದಲು ಕೊಡಲಿ, ಬಡಗಿ ಇತ್ತು. ಆಮ್ಯಾಲ ಮಧ್ಯಪ್ರದೇಶದ ಕಡಿಂದ ಕದ್ದು ಬರೋ ಕಂಟ್ರಿ ಪಿಸ್ತೂಲ್ ಬಂತು.

ಕೊಡಲಿ ಹಿಡ್ಕೊಂಡು ಬರಾಂವ ದೂರದಿಂದ ಕಾಣ್ತಾನ. ಕದಾ ಹಾಕ್ಕೋಬಹುದು, ಕೂಗಬಹುದು, ಹಿರೇರು ಅಡ್ಡ ಬರಬಹುದು. ಅಂಗೈ ಅಗಲದ ಪಿಸ್ತೂಲ್ ಧೋತ್ರದ ಗಂಟಿನ್ಯಾಗ ಕುಂದರ್ತದ. ಅದನ್ನ ಇಟ್ಕೊಂಡಾಂವ ನಿಮ್ಮ ಕಟ್ಟಿಮ್ಯಾಲ ಕುಂತು ಚಾ ಕುಡದು ಹೋಗ್ತಾನ, ನಿಮಗ ತಿಳಿಯಂಗಿಲ್ಲ. ಅದಕ್ಕ ವಹಿ ಇಲ್ಲ, ನಂಬರ್ ಇಲ್ಲ, ರಸೀದಿ ಇಲ್ಲ. ಅದನ್ನ ಮಾಡೋರಿಗಿ ಕಾರ್ಖಾನಿದ ಲೆಕ್ಕ ತಿಳೀದಿದ್ರ ನಳಿಗಿ ಒಡದು ಹಿಡದವನ ಕೈನೇ ಹೋಗ್ತದ.

2015ರ ಆಗಸ್ಟ್ 30ಕ್ಕ ಧಾರವಾಡದಾಗ ಏನಾಯ್ತು ಅಂತ ನೆನಪದಲ್ಲ? ವಚನಗೋಳನ್ನ ಹುಡುಕಿ ಹುಡುಕಿ ನಮಗ ಕೊಟ್ಟ ಡಾ. ಎಂ. ಎಂ. ಕಲಬುರ್ಗಿ ಅವರು ನಮ್ಮ ಮಗ್ಗಲಿನ ಸಿಂದಗಿ ಸೀಮಿದವ್ರು. ಮುಂಜಾನಿ ಯಾರೋ ಬಾಗಲಾ ಬಡದ್ರು, ಅವರ ಮನಿಯವರು ಉಮಾದೇವಿ ಅವರು ಬಾಗಲಾ ತಗದ್ರು. ನಾವೆಲ್ಲಾ ತಗೀತೀವಲ್ಲ, ಹಂಗ. ಬಂದವನ ಹತ್ರ ಮುಚ್ಚಿಟ್ಟ ಪಿಸ್ತೂಲ್ ಇತ್ತು. ಎರಡು ವರ್ಷಕ್ಕ, 2017ರ ಸೆಪ್ಟೆಂಬರ್ 5ಕ್ಕ, ಬೆಂಗಳೂರಾಗ ಗೌರಿ ಲಂಕೇಶರು ತಮ್ಮ ಮನಿ ಮುಂದ ಸತ್ರು. ಇಬ್ಬರಿಗೂ ಬಿದ್ದ ಗುಂಡು 7.65 ಮಿಲಿಮೀಟರಿನ ನಾಡ ಪಿಸ್ತೂಲಿಂದು, ಅದೂ ಒಂದೇ ಪಿಸ್ತೂಲು ಅಂತ ಪರೀಕ್ಷಾ ಮಾಡಿದವ್ರು ಹೇಳಿದ್ರು. ಬಂದವ್ರಿಗಿ ಬಾಗಲಾ ತಗೀಬೇಕು, ನೀರು ಕೊಡಬೇಕು ಅನ್ನೋದು ನಮಗ ತವರುಮನಿ ಕಲಿಸಿದ್ದು. ಮುಚ್ಚಿಟ್ಟ ಹತಾರ ಮೊದಲು ಕೊಲ್ಲೋದು ಆ ನಂಬಿಕಿನ.

ನಮ್ಮ ಓಣಿ ಹುಡಿಗ್ಯಾರು ಟೆಕ್ಸಾಸಿನ್ಯಾಗೂ ಇದಾರಲ್ಲ, ಅಲ್ಲಿ ಕತಿನೂ ಕೇಳ್ರಿ. ಅಮೆರಿಕಾದಾಗ ಹತಾರ ಇಟ್ಕೊಳ್ಳೋದು ಸಂವಿಧಾನದ ಹಕ್ಕು. ಮುಚ್ಚಿಡೋದು ಕಳ್ಳರ ಕೆಲಸ, ಮರ್ಯಾದಸ್ತ ಗಂಡಸು ತೋರಿಸ್ಕೊಂಡೇ ಓಡಾಡ್ತಾನ ಅಂತ ಅಲ್ಲಿ ಹಿಂದಿನ ಮಂದಿ ತಿಳ್ಕೊಂಡಿದ್ರು. 1813ರಾಗೇ ಕೆಂಟಕಿ, ಲೂಸಿಯಾನಾ ರಾಜ್ಯಗೋಳು ಮುಚ್ಚಿಟ್ಟ ಹತಾರಿಗಿ ಬಂದಿ ಹಾಕಿದ್ವು. ಬರಬರ್ತ ಅದು ತಿರುಗಾಮುರುಗಾ ಆಯ್ತು. ತೋರಿಸಿದ್ರ ಮಂದಿ ಹೆದರ್ತಾರ, ಲೈಸೆನ್ಸ್ ತಗೊಂಡು ಮುಚ್ಚಿಡ್ರಿ ಅಂತ ಭಾಳ ರಾಜ್ಯದವ್ರು ಅಂದ್ರು. ಟೆಕ್ಸಾಸಿನ್ಯಾಗ 2021ರ ಸೆಪ್ಟೆಂಬರಿನಿಂದ ದೊಡ್ಡವ್ರಾದ ಭಾಳ ಮಂದಿಗಿ ಲೈಸೆನ್ಸೂ ಬ್ಯಾಡ, ಚರ್ಮದ ಚೀಲದಾಗ ಸೊಂಟಕ್ಕ ಕಟ್ಕೊಂಡು ತಿರಗಬಹುದು. ಎರಡು ನೂರು ವರ್ಷ ಅದೇ ಜಗಳ ಹಚ್ಚ್ಯಾರ, ತೋರ್ಸಬೇಕೋ ಮುಚ್ಚಬೇಕೋ ಅಂತ. ಸಾಲ್ಯಾಗ ಮಕ್ಕಳು ಸಾಯೋದು ಮಾತ್ರ ನಿಂತಿಲ್ಲ.

ಈಗ ನಮ್ಮ ಹೆಣ್ಮಗಳ ಪ್ರಶ್ನಿಗಿ ಉತ್ತರ. 2016ರ ಹತಾರ ನಿಯಮದಾಗ ಇದು ನೇರ ಬರ್ದಾರ. ಲೈಸೆನ್ಸ್ ಇದ್ದವ್ರೂ ಮಂದಿ ಓಡಾಡೋ ಜಾಗಾದಾಗ ಪಿಸ್ತೂಲನ್ನ ಅದಕ್ಕಂತ ಮಾಡಿದ ಚೀಲದಾಗ ಇಟ್ಟು, ಪೂರಾ ಮುಚ್ಚಿ, ತಮ್ಮ ಕಬಜಾದಾಗ ಇಟ್ಕೋಬೇಕು. ಬೀಸಿ ತೋರ್ಸೋದು, ಲಗ್ನದಾಗ, ಜಾತ್ರ್ಯಾಗ, ಮೆರವಣಿಗ್ಯಾಗ ಹಾರಿಸೋದು ಪೂರಾ ಬಂದ್. 2019ರಾಗ ಕಾಯ್ದೆ ಇನ್ನೂ ಬಿಗಿ ಮಾಡಿದ್ರು. ಖುಷಿಗಂತ ಗುಂಡು ಹಾರಿಸಿ ಮಂದಿ ಜೀವಕ್ಕ ಅಪಾಯ ತಂದ್ರ 2 ವರ್ಷದ ತನಕ ಜೈಲು, ಇಲ್ಲಾ 1 ಲಕ್ಷದ ತನಕ ದಂಡ, ಇಲ್ಲಾ ಎರಡೂ. ಒಬ್ಬರ ಲೈಸೆನ್ಸಿನ ಮ್ಯಾಲ 3 ಬಂದೂಕು ಇದ್ದಿದ್ದು 2ಕ್ಕ ಇಳಿಸಿದ್ರು.

ಮುಚ್ಚಿಡಬೇಕು ಅಂತ ಕಾಯ್ದೆ ಹೇಳಿದ್ದಕ್ಕೂ, ಭೀಮಾ ದಂಡ್ಯಾಗ ಧೋತ್ರದಾಗ ಮುಚ್ಚಿಡೋದಕ್ಕೂ ನೆಲ ಮುಗಿಲಿನ ಫರಕು ಅದ. ಲೈಸೆನ್ಸ್ ಇದ್ದದ್ದು ಮಂದಿ ಕಣ್ಣಿಗಿ ಮುಚ್ಚಿರ್ತದ, ಸರ್ಕಾರದ ವಹಿಯಾಗ ಬಿಚ್ಚಿರ್ತದ. ಒಂದು ಗುಂಡು ಹಾರಿದ್ರೂ ಯಾರದು ಅಂತ ಕೇಳಾಕ ಹೆಸರದ. ಕಂಟ್ರಿ ಪಿಸ್ತೂಲಿಗಿ ಆ ಹೆಸರಿಲ್ಲ. ರಜಾಕಾರರ ಬಂದೂಕು ಎಲ್ಲಾರಿಗೂ ಕಾಣ್ತಿತ್ತು, ಆದ್ರ ಅದಕ್ಕ ಜವಾಬು ಕೊಡೋರು ಇರಲಿಲ್ಲ. ನಾನು ತಿಳ್ಕೊಂಡಿದ್ದು ಇಷ್ಟು: ಹತಾರ ಕಾಣ್ತದೋ ಇಲ್ಲೋ ಅಂತ ಕೇಳೋಕಿಂತ, ಇದಕ್ಕ ಜವಾಬು ಕೊಡೋರು ಯಾರು ಅಂತ ಮೊದಲು ಕೇಳಬೇಕು.

ಈ ಮಾತು ಮನಿ ಒಳಗ ಯಾಕ ಬರ್ತದ ಅಂತ ಕೇಳ್ರಿ. ಪಿಸ್ತೂಲ್ ಮುಚ್ಚೋದು ಬರೇ ಗಂಡಸ್ರ ಸೊಂಟದಾಗ ಅಲ್ಲ. ನಮ್ಮ ಜ್ವಾಳದ ಡಬ್ಬ್ಯಾಗ, ಹಾಸಿಗಿ ಸುರಳ್ಯಾಗ, ಸೀರಿ ಟ್ರಂಕಿನ್ಯಾಗ. ನನ್ನ ಬಳಗದ ಒಂದು ಮನ್ಯಾಗ ಹಿಂಗೇ ಆಯ್ತು. ಮೈದುನನ ದೋಸ್ತ ಒಬ್ಬ ಅರಿವ್ಯಾಗ ಸುತ್ತಿದ ಗಂಟು ಕೊಟ್ಟು, "ವೈನಿ, ಎರಡ ದಿನ ಇಟ್ಟಿರ್ರಿ" ಅಂದ. ಮುಟ್ಟಿ ನೋಡಿದಾಕಿಗಿ ಏನಂತ ತಿಳೀತು. ಮನಿ ಮಾನ ಹೋಗ್ತದ ಅಂತ ಬಾಯಿ ಮುಚ್ಕೊಂಡು ಬ್ಯಾಳಿ ಡಬ್ಬಿ ಹಿಂದ ಇಟ್ಲು. ಎರಡ ದಿನ ಎರಡ ತಿಂಗಳಾತು. ಪೊಲೀಸರು ಬಂದಾಗ ಕೊಟ್ಟಾಂವ ಊರಾಗ ಇರಲಿಲ್ಲ, ಡಬ್ಬಿ ಇಟ್ಟಾಕಿ ಮನ್ಯಾಗ ಇದ್ಲು. ನಾಕು ವರ್ಷ ಕೋರ್ಟಿಗಿ ತಿರುಗ್ಯಾಳ. ಮಗಳ ಲಗ್ನ ಎರಡ ಸಲ ಮುರೀತು. ಉಡ್ಯಾಗ ಕೆಂಡ ಕಟ್ಕೊಂಡ್ರ ಸುಡೋದು ಯಾರದ್ದು?

ಕಾಯ್ದೆ ಇದಕ್ಕೇನಂತದ ಕೇಳ್ರಿ. ಲೈಸೆನ್ಸ್ ಇಲ್ಲದ ಪಿಸ್ತೂಲ್ ಇಟ್ಕೊಂಡ್ರ 2 ವರ್ಷಕ್ಕ ಕಡಿಮಿ ಇಲ್ದ 5 ವರ್ಷದ ತನಕ ಶಿಕ್ಷಾ. ಮಾಡೋರಿಗಿ, ಮಾರೋರಿಗಿ 7 ವರ್ಷದಿಂದ ಹಿಡ್ಕೊಂಡು ಜೀವಾವಧಿ ತನಕ. ಇಟ್ಕೊಳ್ಳೋದು ಅಂದ್ರ ಕೈಯಾಗ ಹಿಡಿಯೋದೇ ಆಗಬೇಕಂತಿಲ್ಲ. ಅಲ್ಲಿ ಅದ ಅಂತ ಗೊತ್ತಿದ್ದು, ಅದರ ಮ್ಯಾಲ ನಿಮ್ಮ ಕಬಜಾ ಇದ್ರ ಅದೂ ಇಟ್ಕೊಂಡಂಗೇ ಅಂತ ಸುಪ್ರೀಂ ಕೋರ್ಟ್ 1972ರಾಗೇ ಹೇಳ್ಯಾದ. ಅದೇ ಕಾಯ್ದೆದ 36ನೇ ಕಲಮಿನ್ಯಾಗ ಇನ್ನೊಂದು ಮಾತದ: ಇಂಥಾ ಗುನ್ಹೆ ಗೊತ್ತಾದವ್ರು ಹತ್ತಿರದ ಠಾಣಾಕ್ಕೋ ಮ್ಯಾಜಿಸ್ಟ್ರೇಟರಿಗೋ ತಿಳಿಸಬೇಕು. ಸುಮ್ಮನಿದ್ರ, ಯಾಕ ಸುಮ್ಮನಿದ್ದೆ ಅನ್ನೋದನ್ನ ಅವರೇ ಸಾಬೀತು ಮಾಡಬೇಕು. "ನನಗೇನ್ ಗೊತ್ತ್ರಿ, ನಾನು ಹೆಣ್ಮಗಳು" ಅನ್ನೋ ಮಾತು ಅಲ್ಲಿ ಭಾಳ ದೂರ ನಡಿಯಂಗಿಲ್ಲ.

ಅದಕ್ಕ ಅಕ್ಕಗೋಳ್ರಿ, ನಮ್ಮ ಕೈಯಾಗಿರೋ ನಾಕು ಮಾತು. ಯಾರದ್ದೇ ಗಂಟು ಬಿಚ್ಚಿ ನೋಡದ ಮನ್ಯಾಗ ಇಟ್ಕೋಬ್ಯಾಡ್ರಿ. ಪಿಸ್ತೂಲ್ ಕಂಡ್ರ ಮುಟ್ಟಬ್ಯಾಡ್ರಿ, ಹುಡುಗ್ರಿಗಿ ದೂರ ಕಳಿಸಿ 112ಕ್ಕ ಫೋನ್ ಮಾಡ್ರಿ. ಒಬ್ಬಾಕಿ ಹೋಗಾಕ ಅಂಜಿಕಿ ಬಂದ್ರ ಒಬ್ಬ ವಕೀಲರನ್ನೋ ನಂಬಿಗಿಯ ಹಿರೇರನ್ನೋ ಕರ್ಕೊಂಡು ಠಾಣಾಕ್ಕ ಹೋಗ್ರಿ. ಬೀಗರ ಮನ್ಯಾಗ ಲಗ್ನ ಮಾತಾಡೋವಾಗ ಬ್ಯಾಂಡು ಎಷ್ಟ, ಊಟಕ್ಕ ಏನು ಅಂತ ಕೇಳ್ತೀವಲ್ಲ, ಅಲ್ಲೇ ಗುಂಡು ಹಾರಿಸೋದು ಬ್ಯಾಡ ಅಂತ ಹೆಣ್ಮಕ್ಕಳು ಮೊದಲ ಹೇಳಿಬಿಡ್ರಿ. ಮಗ ಮೊಬೈಲಿನ ಸ್ಟೇಟಸ್ಸಿಗಿ ಪಿಸ್ತೂಲ್ ಹಿಡ್ಕೊಂಡ ಫೋಟೋ ಹಾಕಿದ್ರ, ಅದು ಯಾರದು, ಎಲ್ಲಿಂದ ಬಂತು ಅಂತ ಆ ರಾತ್ರಿನೇ ಕೇಳ್ರಿ. ಆಟಗಿದ್ದಿಂದು ಅಂದ್ರ ತಂದು ತೋರ್ಸು ಅನ್ರಿ.

ನಮ್ಮ ಅಜ್ಜಿಗೋಳು ಹಗೇವಿನ್ಯಾಗ ಬಂಗಾರ ಮುಚ್ಚಿ ಮಕ್ಕಳ ಜೀವ ಉಳಿಸಿದ್ರು. ನಾವು ಡಬ್ಬ್ಯಾಗ ಮುಚ್ಚಿದ್ರ ಜೀವ ಹೋಗೋ ಸಾಮಾನಿಗಿ ಜಾಗಾ ಕೊಡೋದು ಬ್ಯಾಡ. ಆಳಂದದಾಗಿರ್ಲಿ, ಅಫಜಲಪುರದಾಗಿರ್ಲಿ, ಜೇವರ್ಗ್ಯಾಗಿರ್ಲಿ, ಈ ಮಾತು ನಿಮ್ಮ ಸೊಸ್ತ್ಯಾರಿಗೂ ಓದಿ ಹೇಳ್ರಿ. ಮುಂದಿನ ಸಲ ಸಜ್ಜಿ ಕಡುಬಿನ ಅಳತಿ ಬರೀತೀನಿ.